ಒಬ್ಬಟ್ಟಿನ ಅಡುಗೆಯಲ್ಲಿ ನೀರಿನ ಲೆಕ್ಕ

ಒಬ್ಬಟ್ಟು ಕಾವಲಿಯ ಮೇಲೆ ಹರಿದರೆ ದೂರು ತಟ್ಟಿದವರ ಕೈಗೆ ಬರುತ್ತದೆ. ನನ್ನ ಅನುಭವದಲ್ಲಿ ಆ ಕೈಯ ತಪ್ಪು ತೀರ ಕಡಿಮೆ. ಒಬ್ಬಟ್ಟು ಹರಿಯುತ್ತದೆಯೋ ಇಲ್ಲವೋ ಎಂಬುದು ಅದಕ್ಕೆ ಮೂರು ನಾಲ್ಕು ಗಂಟೆ ಮೊದಲೇ, ಬೇಳೆಯ ಪಾತ್ರೆಯನ್ನು ಒಲೆಯಿಂದ ಇಳಿಸಿ ಕಟ್ಟು ಬಸಿಯುವ ಹೊತ್ತಿಗೇ ಮುಕ್ಕಾಲು ಪಾಲು ನಿರ್ಧಾರವಾಗಿರುತ್ತದೆ. ಬೇಳೆ ಎಷ್ಟು ನೀರು ಕುಡಿಯಿತು, ಎಷ್ಟು ನೀರು ಕಟ್ಟಾಗಿ ಹೊರಬಂತು, ಬೆಲ್ಲ ಹಾಕಿದ ಮೇಲೆ ಎಷ್ಟು ನೀರು ಆವಿಯಾಯಿತು, ಹೊರಪದರವಾಗುವ ಕಣಕದ ಹಿಟ್ಟಿಗೆ ಎಷ್ಟು ನೀರು ಸಿಕ್ಕಿತು ಎಂಬ ಲೆಕ್ಕವನ್ನು ಅರ್ಥ ಮಾಡಿಕೊಂಡರೆ ಇಡೀ ಹಬ್ಬದ ಅಡುಗೆಯೇ ಅರ್ಥವಾಗುತ್ತದೆ. ಹಿರಿಯರು ಇದನ್ನು 'ಹದ' ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಆ ಮಾತು ಸರಿಯಾದದ್ದೇ. ಆದರೆ ಮೊದಲ ಬಾರಿಗೆ ಇಪ್ಪತ್ತು ಜನಕ್ಕೆ ಯುಗಾದಿಯ ಅಡುಗೆ ಮಾಡಲು ಹೊರಟವರಿಗೆ ಆ ಒಂದು ಮಾತಿನೊಳಗೆ ಏನೇನು ಅಡಗಿದೆ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಈ ಲೇಖನ ಅಂಥವರಿಗಾಗಿ.

ಹಳೇ ಮೈಸೂರಿನ ಕಡೆ ಒಬ್ಬಟ್ಟು, ಉತ್ತರ ಕರ್ನಾಟಕದಲ್ಲಿ ಹೋಳಿಗೆ ಎಂದು ಕರೆಸಿಕೊಳ್ಳುವ ಈ ತಿನಿಸನ್ನು ಬಿಡಿಯಾದ ಒಂದು ಸಿಹಿ ಎಂದು ನೋಡುವುದು ಸರಿಯಲ್ಲ. ಬೇಯಿಸಿದ ಬೇಳೆಯಿಂದ ಹೂರಣವಾಗುತ್ತದೆ. ಬೇಳೆ ಬೆಂದ ನೀರು ಕಟ್ಟಾಗಿ, ಆ ಕಟ್ಟಿಗೆ ಒಂದು ಹಿಡಿ ಹೂರಣವೂ ಹುಣಸೆಹುಳಿಯೂ ಖಾರವೂ ಸೇರಿ ಒಬ್ಬಟ್ಟಿನ ಸಾರಾಗುತ್ತದೆ. ಎಲೆಯ ಮೇಲೆ ಸಿಹಿಯೂ ಸಾರೂ ಒಂದೇ ಪಾತ್ರೆಯಿಂದ ಹುಟ್ಟಿದ ಒಡಹುಟ್ಟುಗಳಾಗಿ ಬರುತ್ತವೆ. ಹಾಗಾಗಿ ಒಂದರಲ್ಲಿ ಆದ ಎಡವಟ್ಟು ಇನ್ನೊಂದಕ್ಕೂ ತಟ್ಟುತ್ತದೆ. ಬೇಳೆ ತೀರ ಕರಗಿದರೆ ಹೂರಣ ನೀರಾಗುವುದಷ್ಟೇ ಅಲ್ಲದೆ ಕಟ್ಟೂ ಗಂಜಿಯಂತಾಗಿ ಸಾರಿನ ತಿಳಿತನ ಹೋಗುತ್ತದೆ.

ಮೊದಲು ಅಳತೆಯ ಮಾತು. ನಮ್ಮ ಮನೆಯಲ್ಲಿ ಇಪ್ಪತ್ತು ಜನರ ಊಟಕ್ಕೆ ಒಂದು ಕಿಲೋ ಬೇಳೆ, ಅಷ್ಟೇ ತೂಕದ ಬೆಲ್ಲ, ಕಣಕಕ್ಕೆ 600ರಿಂದ 700 ಗ್ರಾಂ ಹಿಟ್ಟು ತೆಗೆದುಕೊಳ್ಳುತ್ತೇವೆ. ಬೇಳೆ ಬೇಯುವಾಗ ತನ್ನ ತೂಕಕ್ಕಿಂತ ತುಸು ಹೆಚ್ಚೇ ನೀರು ಹೀರುವುದರಿಂದ, ಬೆಲ್ಲ ಸೇರಿ ಕೆದಕಿ ಮುಗಿಯುವ ಹೊತ್ತಿಗೆ ಸುಮಾರು ಮೂರು ಕಿಲೋ ಹೂರಣ ಸಿಗುತ್ತದೆ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ, 60 ಗ್ರಾಂ ತೂಗುವ ಉಂಡೆ ಕಟ್ಟಿದರೆ ಐವತ್ತು ಒಬ್ಬಟ್ಟುಗಳಾಗುತ್ತವೆ. ತಲೆಗೆ ಎರಡು ಬಡಿಸಿ, ಬಂದವರ ಕೈಗೆ ಕಟ್ಟಿಕೊಡಲು ಹತ್ತು ಉಳಿಯುತ್ತವೆ. ಈ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ: ಒಂದೊಂದು ಒಬ್ಬಟ್ಟಿನಲ್ಲಿ 20 ಗ್ರಾಂ ಬೆಲ್ಲವಿದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಎಲ್ಲರ ಹೂರಣಕ್ಕೂ ಬೆಲ್ಲ ಕಡಿಮೆ ಮಾಡುವುದಕ್ಕಿಂತ ಅವರಿಗಾಗಿ ಪೂರಿಯಷ್ಟು ಚಿಕ್ಕ ಒಬ್ಬಟ್ಟು ತಟ್ಟುವುದು ಒಳ್ಳೆಯದು. ಹೂರಣಕ್ಕೆ ಅಂಟನ್ನು, ಮಿದುತನವನ್ನು ಕೊಡುವುದೂ ಬೆಲ್ಲವೇ ಆದ್ದರಿಂದ ಅದನ್ನು ಅರ್ಧಕ್ಕೆ ಇಳಿಸಿದರೆ ರುಚಿಯ ಜೊತೆಗೆ ಹದವೂ ಕೆಡುತ್ತದೆ, ಉಂಡೆ ಒಡೆದು ಪುಡಿಯಾಗುತ್ತದೆ.

ಮುಂಗಾರಿನಲ್ಲಿ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯ ಹೊತ್ತಿಗೆ ಕೊಯ್ಲಾಗುತ್ತದೆ. ಹಿಂಗಾರಿನ ಕಡಲೆ ಮತ್ತು ಗೋಧಿ ಫೆಬ್ರವರಿ, ಮಾರ್ಚಿನಲ್ಲಿ ಕಣಕ್ಕೆ ಬರುತ್ತವೆ. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಬರುವ ಯುಗಾದಿಗೆ ಇವೆಲ್ಲ ಹೊಸದಾಗಿಯೇ ಸಿಗುತ್ತವೆ. ಹೊಸ ಬೇಳೆ ಬೇಗ ಮತ್ತು ಒಂದೇ ಸಮನೆ ಬೇಯುತ್ತದೆ. ಬಿಸಿಲಿನ, ತೇವದ ಜಾಗದಲ್ಲಿ ವರ್ಷಗಟ್ಟಲೆ ಇಟ್ಟ ಬೇಳೆಯ ಒಳರಚನೆಯೇ ಗಟ್ಟಿಗೊಂಡು, ಎಷ್ಟು ಕುದಿಸಿದರೂ ನಡುವೆ ಕಲ್ಲಿನಂತಹ ಕಾಳು ಉಳಿಯುತ್ತದೆ. ಹಬ್ಬಕ್ಕೆ ಡಬ್ಬದ ತಳದ ಹಳೆಯ ಬೇಳೆಯನ್ನೂ ಹೊಸದನ್ನೂ ಬೆರೆಸಿ ಬೇಯಿಸಬಾರದು. ಎರಡೂ ಒಟ್ಟಿಗೆ ಬೇಯುವುದಿಲ್ಲ.

ಹಳೇ ಮೈಸೂರಿನವರು ತೊಗರಿಬೇಳೆಯನ್ನು, ಉತ್ತರ ಕರ್ನಾಟಕದ ಬಹುಪಾಲು ಮನೆಯವರು ಕಡಲೆಬೇಳೆಯನ್ನು ಹೂರಣಕ್ಕೆ ಬಳಸುತ್ತಾರೆ. ಇದು ಕೇವಲ ರೂಢಿಯ ವ್ಯತ್ಯಾಸವಲ್ಲ. ಕಡಲೆಬೇಳೆಯಲ್ಲಿ ಕೊಬ್ಬಿನ ಅಂಶ ತೊಗರಿಗಿಂತ ಹೆಚ್ಚು. ಅದು ಬೆಂದರೂ ಆಕಾರ ಬಿಡದೆ ನಿಲ್ಲುತ್ತದೆ, ಹೂರಣ ಗಟ್ಟಿಯಾಗಿ, ಸ್ವಲ್ಪ ಮರಳುಮರಳಾಗಿ ಬರುತ್ತದೆ. ಆದ್ದರಿಂದ ಮಣೆಯ ಮೇಲೆ ಲಟ್ಟಣಿಗೆಯಿಂದ ಲಟ್ಟಿಸುವ ಗೋಧಿಹಿಟ್ಟಿನ ಹೋಳಿಗೆಗೆ ಅದು ಸರಿಹೊಂದುತ್ತದೆ. ತೊಗರಿ ಬೇಗ ಮೆತ್ತಗಾಗಿ ನುಣ್ಣಗೆ ಅರೆಯುತ್ತದೆ. ಚಿರೋಟಿ ರವೆಯ ತೆಳುವಾದ ಕಣಕದೊಳಗೆ ಬೆರಳಿನಿಂದ ತಟ್ಟಿ ಹರಡುವ ಒಬ್ಬಟ್ಟಿಗೆ ಅದೇ ತಕ್ಕದ್ದು. ಒಂದು ಕಡೆಯ ಬೇಳೆಯನ್ನು ಇನ್ನೊಂದು ಕಡೆಯ ಕಣಕದೊಂದಿಗೆ ಬೆರೆಸಲು ಹೋದವರು ಸೋಲುವುದು ಸಾಮಾನ್ಯವಾಗಿ ಇದೇ ಕಾರಣಕ್ಕೆ.

ಬೇಳೆ ಬೇಯುವುದು ಎಂದರೇನು? ಬೇಳೆಯೊಳಗಿನ ಒಂದೊಂದು ಜೀವಕೋಶವೂ ಪಿಷ್ಟದ ಕಣಗಳನ್ನು ತುಂಬಿಕೊಂಡ ಪುಟ್ಟ ಚೀಲದಂತಿರುತ್ತದೆ. ಆ ಚೀಲಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್ ಎಂಬ ಪದಾರ್ಥ. ಬಿಸಿನೀರಿನಲ್ಲಿ ಪೆಕ್ಟಿನ್ ನಿಧಾನವಾಗಿ ಕರಗುತ್ತದೆ, ಚೀಲಗಳು ಬಿಡಿಬಿಡಿಯಾಗುತ್ತವೆ. ಒಳಗಿನ ಪಿಷ್ಟ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಚೀಲಗಳು ಒಡೆಯದೆ ಕೇವಲ ಬೇರೆಯಾದ ಹಂತದಲ್ಲಿ ಬೇಳೆಯನ್ನು ಬೆರಳುಗಳ ನಡುವೆ ಒತ್ತಿದರೆ ಬೆಣ್ಣೆಯಂತೆ ನುಣ್ಣಗೆ ಅಪ್ಪಚ್ಚಿಯಾಗುತ್ತದೆ, ಆದರೆ ಪಾತ್ರೆಯಲ್ಲಿ ಇನ್ನೂ ಬೇಳೆಯ ಆಕಾರದಲ್ಲೇ ಇರುತ್ತದೆ. ನಮಗೆ ಬೇಕಾದದ್ದು ಈ ಹಂತ. ಅದನ್ನೂ ದಾಟಿ ಕುದಿಸಿದರೆ ಚೀಲಗಳು ಒಡೆದು ಪಿಷ್ಟವೆಲ್ಲ ನೀರಿಗೆ ಸೇರಿ ಬೇಳೆಯೂ ನೀರೂ ಒಂದಾಗಿಬಿಡುತ್ತವೆ. ಒಮ್ಮೆ ಒಂದಾದ ಮೇಲೆ ಅವುಗಳನ್ನು ಬೇರ್ಪಡಿಸಲು ಯಾವ ಬಟ್ಟೆಯಿಂದಲೂ ಜರಡಿಯಿಂದಲೂ ಆಗದು.

ಈ ಕಾರಣಕ್ಕೇ ಒಬ್ಬಟ್ಟಿನ ಬೇಳೆಯನ್ನು ಕುಕ್ಕರಿನಲ್ಲಿ ಇಡಬೇಡಿ ಎನ್ನುವುದು. ಒಂದು ಯುಗಾದಿಗೆ ಹೊತ್ತು ಉಳಿಸುವ ಆಸೆಯಿಂದ ನಾನು ತೊಗರಿಬೇಳೆಯನ್ನು ಕುಕ್ಕರಿಗೆ ಹಾಕಿ ಎರಡು ಸೀಟಿ ಕೂಗಿಸಿದೆ. ಮುಚ್ಚಳ ತೆಗೆದಾಗ ಒಳಗಿದ್ದದ್ದು ಹುಳಿಗೆ ಹಾಕುವಂತಹ ಮುದ್ದೆಬೇಳೆ. ಬಸಿದರೆ ಕಟ್ಟು ಬರಲಿಲ್ಲ, ಬೆಲ್ಲ ಹಾಕಿದ ಮೇಲೆ ಒಂದೂವರೆ ಗಂಟೆ ಕೆದಕಿದರೂ ಹೂರಣ ಉಂಡೆಗೆ ಬರಲಿಲ್ಲ. ಅಂದು ಮಧ್ಯಾಹ್ನ ಎರಡೂವರೆಯಾದರೂ ಮಕ್ಕಳು ಹಸಿದು ಕಾಯುತ್ತಿದ್ದುದು ಈಗಲೂ ಮನಸ್ಸಿನಲ್ಲಿದೆ. ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ಪ್ರತಿ ಐದು ನಿಮಿಷಕ್ಕೊಮ್ಮೆ ಸೌಟಿನಲ್ಲಿ ನಾಲ್ಕು ಕಾಳು ಎತ್ತಿ ಹಿಸುಕಿ ನೋಡಬಹುದು. ಕುಕ್ಕರಿನಲ್ಲಿ ಆ ಅವಕಾಶವಿಲ್ಲ.

ಒಂದು ಕಿಲೋ ಬೇಳೆಗೆ ನಾಲ್ಕೂವರೆ ಲೀಟರಿನಷ್ಟು ನೀರನ್ನು ಮೊದಲು ಕುದಿಸಿ, ತೊಳೆದ ಬೇಳೆಯನ್ನು ಕುದಿಯುವ ನೀರಿಗೆ ಹಾಕಬೇಕು. ಅರಿಶಿನದ ಜೊತೆಗೆ ಒಂದು ಚಮಚ ಎಣ್ಣೆ ಹಾಕುವ ರೂಢಿಗೆ ಅರ್ಥವಿದೆ. ಬೇಳೆಯಿಂದ ಬಿಡುಗಡೆಯಾಗುವ ಪ್ರೋಟೀನ್ ಮತ್ತು ಸಪೋನಿನ್‌ಗಳು ಸಾಬೂನಿನಂತೆ ನೊರೆ ಕಟ್ಟುತ್ತವೆ. ಎಣ್ಣೆ ಆ ಗುಳ್ಳೆಗಳನ್ನು ಒಡೆದು ಉಕ್ಕುವುದನ್ನು ತಡೆಯುತ್ತದೆ. ಕೊಳವೆಬಾವಿಯ ಗಡಸು ನೀರು ಬರುವ ಊರುಗಳಲ್ಲಿ ಬೇಳೆ ಬೇಯದಿರುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪೆಕ್ಟಿನ್‌ಗೆ ಕಟ್ಟು ಹಾಕಿದಂತೆ ಬಿಗಿದು, ಅದು ಕರಗದಂತೆ ಮಾಡುತ್ತವೆ. ಅಂಥ ಕಡೆ ಹಬ್ಬದ ಬೇಳೆಗೆ ಶುದ್ಧೀಕರಿಸಿದ ಕುಡಿಯುವ ನೀರನ್ನೇ ಬಳಸಬೇಕು. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುವುದೇನೋ ನಿಜ. ಆದರೆ ಬೇಳೆ ಹೊರಗಿನಿಂದ ಕರಗಿ ಒಳಗೆ ಗಟ್ಟಿಯಾಗಿ ಉಳಿಯುವ ಅಪಾಯವಿದೆ, ಕಟ್ಟಿಗೆ ಸಾಬೂನಿನಂತಹ ರುಚಿ ಸೇರುತ್ತದೆ, ಬೇಳೆಯ ಥಯಾಮಿನ್ ಜೀವಸತ್ವವೂ ಹಾಳಾಗುತ್ತದೆ. ಇನ್ನೊಂದು ಸಣ್ಣ ಸಂಗತಿ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮಂಗಳೂರಿನ ಅಡುಗೆಮನೆಯ ಗಡಿಯಾರವನ್ನು ಇಲ್ಲಿ ನೆಚ್ಚಿಕೊಳ್ಳಬಾರದು. ಹೊತ್ತು ನೋಡುವ ಬದಲು ಕಾಳನ್ನೇ ಹಿಸುಕಿ ನೋಡಬೇಕು.

ಬೆಂದ ಬೇಳೆಯನ್ನು ತೂತಿನ ತಟ್ಟೆಗೆ ಸುರಿದು ಕಟ್ಟನ್ನು ಕೆಳಗಿನ ಪಾತ್ರೆಗೆ ಬಸಿಯಬೇಕು. ಇಲ್ಲಿ ಅವಸರ ಮಾಡದಿರುವುದೇ ದೊಡ್ಡ ಕೆಲಸ. ಹತ್ತು ಹದಿನೈದು ನಿಮಿಷ ಹಾಗೇ ಬಿಟ್ಟರೆ ಕಾಳಿನ ಮೈಗೆ ಅಂಟಿದ ನೀರು ಇಳಿಯುವುದಲ್ಲದೆ, ಬಿಸಿ ಬೇಳೆಯಿಂದ ಆವಿಯೂ ಹಾರಿ ಬೇಳೆ ಬಿಡಿಬಿಡಿಯಾಗಿ ಒಣಗುತ್ತದೆ. ಈ ಹದಿನೈದು ನಿಮಿಷ ಕಾದವರಿಗೆ ಮುಂದೆ ಒಲೆಯ ಮುಂದೆ ಮುಕ್ಕಾಲು ಗಂಟೆ ಕೆದಕುವುದು ತಪ್ಪುತ್ತದೆ. ಎರಡು ಲೀಟರಿಗಿಂತ ಹೆಚ್ಚೇ ಕಟ್ಟು ಸಿಗುತ್ತದೆ. ಅದನ್ನು ಸಾರಿಗೆ ಎತ್ತಿಡಬೇಕು.

ಬೆಲ್ಲ ಹಾಕುವ ಮುನ್ನ ಬೇಳೆ ಪೂರ್ತಿ ಬೆಂದಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಬೇಕು, ಏಕೆಂದರೆ ಬೆಲ್ಲ ಬಿದ್ದ ಮೇಲೆ ಬೇಳೆ ಬೇಯುವುದಿಲ್ಲ. ಹಿರಿಯರ ಈ ಮಾತು ಅಕ್ಷರಶಃ ಸತ್ಯ. ಸಕ್ಕರೆಯ ಅಂಶ ನೀರನ್ನು ತನ್ನ ಕಡೆಗೆ ಎಳೆದುಕೊಂಡು ಪಿಷ್ಟಕ್ಕೆ ಸಿಗದಂತೆ ಮಾಡುತ್ತದೆ. ಬೆಲ್ಲದಲ್ಲಿ ಸಹಜವಾಗಿರುವ ಸಣ್ಣ ಹುಳಿಯೂ, ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು ಹಾಕುವ ಸುಣ್ಣದ ಕ್ಯಾಲ್ಸಿಯಂ ಕೂಡ ಪೆಕ್ಟಿನ್ ಕರಗುವುದನ್ನು ತಡೆಯುತ್ತವೆ. ಅರೆಬೆಂದ ಕಾಳು ಬೆಲ್ಲದಲ್ಲಿ ಬಿದ್ದರೆ ಮಿಠಾಯಿಯಂತೆ ಗಟ್ಟಿಯಾಗಿ, ಆಮೇಲೆ ಕಣಕವನ್ನು ಒಳಗಿನಿಂದ ಚುಚ್ಚಿ ಹರಿಯುತ್ತದೆ.

ಮಂಡ್ಯದ ಅಚ್ಚುಬೆಲ್ಲವೋ ಮಹಾಲಿಂಗಪುರದ ಪೆಂಟೆಬೆಲ್ಲವೋ, ಯಾವುದಾದರೂ ಆಗುತ್ತದೆ. ಬಣ್ಣ ತೀರ ಹಳದಿಯಾಗಿ ಹೊಳೆಯುವುದಕ್ಕಿಂತ ಕಂದು ಬಣ್ಣದ ಬೆಲ್ಲ ನನಗೆ ಹೆಚ್ಚು ಒಪ್ಪಿಗೆ. ಕಸ, ಮರಳು ಇದ್ದರೆ ಸ್ವಲ್ಪವೇ ನೀರಿನಲ್ಲಿ ಕರಗಿಸಿ ಸೋಸಬೇಕಾಗುತ್ತದೆ. ಆದರೆ ಹಾಗೆ ಸೇರಿಸಿದ ನೀರನ್ನೆಲ್ಲ ಮತ್ತೆ ಕಾಯಿಸಿ ಹೊರಹಾಕಬೇಕೆಂಬ ನೆನಪಿರಲಿ. ಶುದ್ಧವಾದ ಬೆಲ್ಲವಾದರೆ ಕುಟ್ಟಿ ನೇರವಾಗಿ ಹಾಕುವುದೇ ಲೇಸು. ಹಾಕಿದ ಐದೇ ನಿಮಿಷದಲ್ಲಿ ಅಷ್ಟು ಗಟ್ಟಿಯಾಗಿದ್ದ ಬೇಳೆ ಪಾಯಸದಂತೆ ನೀರಾಗುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಬೆಲ್ಲ ಕರಗಿ, ಬೇಳೆಯೊಳಗಿದ್ದ ನೀರನ್ನೂ ಹೊರಗೆಳೆಯುವುದರಿಂದ ಹೀಗಾಗುವುದು ಸಹಜ. ಅಗಲ ಬಾಯಿಯ, ದಪ್ಪ ತಳದ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ತಳ ಹಿಡಿಯದಂತೆ ಕೆದಕುತ್ತಾ ಹೋದರೆ ಆ ನೀರು ಆವಿಯಾಗುತ್ತದೆ. ಎತ್ತರದ ಪಾತ್ರೆಗಿಂತ ಅಗಲದ ಬಾಣಲೆಯಲ್ಲಿ ನೀರು ಹಾರಲು ಹೆಚ್ಚು ಜಾಗವಿರುವುದರಿಂದ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ನಡುವೆ ನಿಲ್ಲಿಸಿದ ಸೌಟು ಬೀಳದೆ ನಿಂತರೆ ಹೂರಣ ಆಯಿತು. ತಣ್ಣಗಾಗುತ್ತಾ ಪಿಷ್ಟ ಬಿಗಿಯುವುದರಿಂದ ಹೂರಣ ಇನ್ನಷ್ಟು ಗಟ್ಟಿಯಾಗುತ್ತದೆ. ಆದ್ದರಿಂದ ಒಲೆಯ ಮೇಲಿರುವಾಗಲೇ ಉಂಡೆ ಕಟ್ಟುವಷ್ಟು ಒಣಗಿಸಿದರೆ ಆಮೇಲೆ ಅದು ಕಲ್ಲಾಗುತ್ತದೆ. ಬೇಕಾದ ಹದಕ್ಕಿಂತ ಒಂದು ಹೆಜ್ಜೆ ಹಿಂದೆಯೇ ಇಳಿಸಬೇಕು.

ಅರೆಯುವಾಗ ನೀರು ಸೋಕಿಸಬಾರದು. ಹೂರಣ ಬೆಚ್ಚಗಿರುವಾಗ ಗ್ರೈಂಡರಿನ ಕಲ್ಲು ಸುಲಭವಾಗಿ ತಿರುಗುತ್ತದೆ. ಮಿಕ್ಸಿಯಾದರೆ ಸ್ವಲ್ಪಸ್ವಲ್ಪವೇ ಹಾಕಿ ಬಿಟ್ಟುಬಿಟ್ಟು ತಿರುಗಿಸಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿರುವ, ಕೈಯಿಂದ ತಿರುಗಿಸುವ ಹೂರಣದ ಯಂತ್ರ ಇದಕ್ಕೆ ಬಲು ಅನುಕೂಲ. ಬೇಯದೆ ಉಳಿದ ಕಾಳನ್ನು ಅದು ತೂತಿನಿಂದ ಕೆಳಗೆ ಬಿಡುವುದೇ ಇಲ್ಲ. ಏಲಕ್ಕಿಯನ್ನು ಕೊನೆಯಲ್ಲಿ, ಹೂರಣ ಬಿಸಿ ಆರುತ್ತಿರುವಾಗ ಬೆರೆಸಬೇಕು. ಅದರ ಪರಿಮಳದ ಎಣ್ಣೆಗಳು ಕುದಿಯುವ ಹೂರಣದ ಆವಿಯ ಜೊತೆ ಹಾರಿಹೋಗುತ್ತವೆ. ಕಡಲೆಬೇಳೆಯ ಹೂರಣಕ್ಕೆ ಜಾಜಿಕಾಯಿಯೂ ಒಣಶುಂಠಿಯೂ ಸೇರುತ್ತವೆ.

ಇಷ್ಟರ ಮೇಲೂ ಹೂರಣ ಸಡಿಲವಾದರೆ ಮತ್ತೆ ಬಾಣಲೆಗೆ ಹಾಕಿ ಕೆದಕುವುದೇ ನೇರವಾದ ದಾರಿ. ಹೊತ್ತಿಲ್ಲದಿದ್ದರೆ ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ಯಾನಿನ ಕೆಳಗಿಡಬಹುದು, ಇಲ್ಲವೇ ಎರಡು ಮೂರು ಚಮಚ ಹುರಿಗಡಲೆ ಪುಡಿ ಬೆರೆಸಬಹುದು. ಗಟ್ಟಿಯಾದರೆ ಬೆಚ್ಚಗಿನ ಹಾಲನ್ನು ಚಿಮುಕಿಸಿ ನಾದಬೇಕು.

ಈಗ ಕಣಕ. ಗೋಧಿಯಲ್ಲಿರುವ ಗ್ಲಯಾಡಿನ್ ಮತ್ತು ಗ್ಲುಟೆನಿನ್ ಎಂಬ ಎರಡು ಪ್ರೋಟೀನ್‌ಗಳು ನೀರು ತಗುಲಿದ ಕೂಡಲೇ ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ನಾದಿದಷ್ಟೂ ಬಲೆ ಗಟ್ಟಿಯಾಗುತ್ತದೆ. ಇವುಗಳಲ್ಲಿ ಗ್ಲುಟೆನಿನ್, ಹಿಗ್ಗಿಸಿದರೆ ರಬ್ಬರಿನಂತೆ ಹಿಂದಕ್ಕೆ ಸೆಳೆಯುವ ಗುಣವನ್ನು ಕೊಡುತ್ತದೆ. ಗ್ಲಯಾಡಿನ್, ಎಳೆದತ್ತ ಜಗ್ಗುವ ಗುಣವನ್ನು ಕೊಡುತ್ತದೆ. ಒಬ್ಬಟ್ಟಿಗೆ ಬೇಕಾದದ್ದು ಹೆಚ್ಚಾಗಿ ಎರಡನೆಯದು: ಹರಿಯದೆ ಹಿಗ್ಗಬೇಕು, ಹಿಗ್ಗಿದ ಮೇಲೆ ಹಿಂದಕ್ಕೆ ಕುಗ್ಗಬಾರದು. ಅದಕ್ಕೆ ಮೂರು ಸಂಗತಿಗಳು ನೆರವಾಗುತ್ತವೆ: ಧಾರಾಳವಾದ ನೀರು, ಎಣ್ಣೆ, ಮತ್ತು ಹೊತ್ತು. ಚಿರೋಟಿ ರವೆ, ಮೈದಾ ಬೆರೆಸಿ, ಚಪಾತಿ ಹಿಟ್ಟಿಗಿಂತ ಬಹಳ ಸಡಿಲವಾಗಿ, ಕೈಗೆ ಅಂಟುವಷ್ಟು ನೀರು ಹಾಕಿ ಕಲಸಬೇಕು. ರವೆಯ ಕಣ ಹಿಟ್ಟಿಗಿಂತ ದಪ್ಪವಾದ್ದರಿಂದ ಅದರ ನಡುವಿನವರೆಗೆ ನೀರು ತಲುಪಲು ಹೊತ್ತು ಬೇಕು. ಕಲಸಿದಾಗ ನೀರುನೀರಾಗಿ ಕಂಡ ಕಣಕ ಅರ್ಧ ಗಂಟೆಯಲ್ಲಿ ತಾನಾಗಿಯೇ ಹದಕ್ಕೆ ಬರುತ್ತದೆ. ಆಮೇಲೆ ಎಣ್ಣೆ ಸೇರಿಸುತ್ತಾ ಹದಿನೈದು ನಿಮಿಷ ಚೆನ್ನಾಗಿ ನಾದಿ, ಮೇಲೆ ಮುಳುಗುವಷ್ಟು ಎಣ್ಣೆ ಸುರಿದು ಕನಿಷ್ಠ ಎರಡು ಗಂಟೆ ಮುಚ್ಚಿಡಬೇಕು. ಹಿಂದೆ ಕಣಕವನ್ನು ಒರಳಿನಲ್ಲಿ ಹಾಕಿ ಕುಟ್ಟುತ್ತಿದ್ದರು. ಆ ಶ್ರಮದ ಫಲವೂ ಇದೇ ಬಲೆಯ ಬೆಳವಣಿಗೆ.

ಎಣ್ಣೆಯಲ್ಲಿ ನೆನೆಸುವುದನ್ನು ಕಂಡು ಇದು ವ್ಯರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಕಣಕದ ಮೈ ಒಣಗಿ ಸಿಪ್ಪೆ ಕಟ್ಟದಂತೆ ಎಣ್ಣೆ ಒಳಗಿನ ನೀರನ್ನು ಕಾಯುತ್ತದೆ. ಗ್ಲುಟೆನ್ ಎಳೆಗಳು ಒಂದರ ಮೇಲೊಂದು ಜಾರುವಂತೆ ಮಾಡುತ್ತದೆ. ಮಿಕ್ಕ ಎಣ್ಣೆ ಎಲೆಗೂ ಕಾವಲಿಗೂ ಹೋಗುವುದರಿಂದ ಏನೂ ನಷ್ಟವಾಗುವುದಿಲ್ಲ. ನೆನೆದ ಕಣಕದಿಂದ ನಿಂಬೆಗಾತ್ರದ ತುಂಡನ್ನು ಹಿಡಿದು ಎಳೆದರೆ ಹಗ್ಗದಂತೆ ಗೇಣುದ್ದ ತುಂಡಾಗದೆ ಬರಬೇಕು. ಬರದಿದ್ದರೆ ಇನ್ನೂ ಒಂದು ಗಂಟೆ ಕಾಯುವುದಲ್ಲದೆ ಬೇರೆ ಉಪಾಯವಿಲ್ಲ. ಗೋಧಿಹಿಟ್ಟಿನಲ್ಲಿರುವ ತೌಡಿನ ಚೂರುಗಳು ಈ ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಅದಕ್ಕೇ ಗೋಧಿಯ ಹೋಳಿಗೆಯನ್ನು ಮೈದಾ ಒಬ್ಬಟ್ಟಿನಷ್ಟು ತೆಳ್ಳಗೆ ಮಾಡಲಾಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಗೋಧಿಯ ರುಚಿಯೇ ಅದರ ಬಲ. ಅಮೆರಿಕದಲ್ಲಿರುವ ಕನ್ನಡಿಗರು ಅಲ್ಲಿನ ಆಲ್ ಪರ್ಪಸ್ ಹಿಟ್ಟಿನಲ್ಲಿ ಕಣಕ ಹಿಂದಕ್ಕೆ ಜಗ್ಗುತ್ತದೆ ಎಂದು ಹೇಳುವುದನ್ನು ಕೇಳಿದ್ದೇನೆ. ಗಡಸು ಗೋಧಿಯ ಹಿಟ್ಟಿನಲ್ಲಿ ಪ್ರೋಟೀನ್ ಹೆಚ್ಚಿರುವುದರಿಂದ ಹಾಗಾಗುತ್ತದೆ. ನೀರನ್ನು ಸ್ವಲ್ಪ ಹೆಚ್ಚಿಸಿ, ನಾಲ್ಕು ಗಂಟೆ ನೆನೆಯಲು ಬಿಟ್ಟರೆ ಅದೂ ಹದಕ್ಕೆ ಬರುತ್ತದೆ.

ಇಡೀ ಅಡುಗೆಯಲ್ಲಿ ನಾನು ಅತಿ ಮುಖ್ಯವೆಂದು ಭಾವಿಸುವ ಮಾತು ಇದು: ಹೂರಣವೂ ಕಣಕವೂ ಬೆರಳಿಗೆ ಒಂದೇ ಮಿದುವಾಗಿ ಸಿಗಬೇಕು. ತಟ್ಟುವಾಗ ಎರಡೂ ಒಟ್ಟಿಗೆ, ಒಂದೇ ವೇಗದಲ್ಲಿ ಹರಡಬೇಕಲ್ಲವೇ? ಹೂರಣ ಗಟ್ಟಿ, ಕಣಕ ಮೆತ್ತಗೆ ಆದರೆ ಕಣಕ ಮಾತ್ರ ಅಂಚಿಗೆ ಓಡಿ, ನಡುವೆ ಗುಬ್ಬಚ್ಚಿ ಮೊಟ್ಟೆಯಂತೆ ಹೂರಣದ ಗಡ್ಡೆ ನಿಲ್ಲುತ್ತದೆ. ಹೂರಣ ಸಡಿಲ, ಕಣಕ ಬಿಗಿ ಆದರೆ ಹೂರಣ ಮುಂದೆ ನುಗ್ಗಿ ಕಣಕವನ್ನು ಸೀಳಿ ಹೊರಬರುತ್ತದೆ. ಆದ್ದರಿಂದ ತಟ್ಟಲು ಕೂರುವ ಮುನ್ನ ಎಡಗೈಯಲ್ಲಿ ಹೂರಣದ ಉಂಡೆ, ಬಲಗೈಯಲ್ಲಿ ಕಣಕದ ಉಂಡೆ ಹಿಡಿದು ಒಟ್ಟಿಗೆ ಒತ್ತಿ ನೋಡಬೇಕು. ವ್ಯತ್ಯಾಸ ಕಂಡರೆ ಹೂರಣವನ್ನೇ ತಿದ್ದಬೇಕು. ನೆನೆದ ಕಣಕಕ್ಕೆ ಮತ್ತೆ ನೀರು ಬೆರೆಸುವುದು ಕಷ್ಟ. ಫ್ರಿಜ್ಜಿನಲ್ಲಿಟ್ಟ ಹೂರಣವನ್ನು ಹಾಗೇ ತಂದು ತುಂಬಬಾರದೆನ್ನುವುದಕ್ಕೂ ಇದೇ ಕಾರಣ: ತಣ್ಣಗಿನ ಹೂರಣ ಗಟ್ಟಿಯಾಗಿರುತ್ತದೆ, ಬೆಚ್ಚಗಿನ ಕಣಕ ಮೆತ್ತಗಿರುತ್ತದೆ.

ಕಣಕವನ್ನು ಅಂಗೈಯಲ್ಲಿ ಬಟ್ಟಲಿನಂತೆ ಅಗಲಿಸಿ, ಅದರ ಎರಡು ಅಥವಾ ಎರಡೂವರೆ ಪಟ್ಟು ತೂಕದ ಹೂರಣವಿಟ್ಟು, ಅಂಚುಗಳನ್ನು ಮೇಲಕ್ಕೆ ತಂದು ಸೇರಿಸಿ, ಸೇರಿದ ಜಾಗದ ಹೆಚ್ಚುವರಿ ಕಣಕವನ್ನು ಚಿವುಟಿ ತೆಗೆಯಬೇಕು. ಎಣ್ಣೆ ಸವರಿದ ಬಾಳೆಎಲೆಯ ಮೇಲೆ ಸೇರಿದ ಬದಿ ಕೆಳಗೆ ಬರುವಂತೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಬೆರಳ ತುದಿಯಿಂದ ತಟ್ಟುತ್ತಾ ಹೋಗಬೇಕು. ಎಲೆಯನ್ನೇ ಕಾವಲಿಯ ಮೇಲೆ ಮಗುಚಿ ಹಾಕಿ, ಎರಡು ಕ್ಷಣ ಬಿಟ್ಟು, ಒಂದು ಮೂಲೆಯಿಂದ ಎಲೆಯನ್ನು ಸುಲಿದು ತೆಗೆಯಬೇಕು. ಲಟ್ಟಿಸುವ ಕಡೆಯವರು ಎಣ್ಣೆಯ ಬದಲು ಅಕ್ಕಿಹಿಟ್ಟು ಉದುರಿಸುತ್ತಾರೆ. ಗ್ಲುಟೆನ್ ಇಲ್ಲದ ಅಕ್ಕಿಹಿಟ್ಟು ಕಣಕಕ್ಕೆ ಬೆಸೆದುಕೊಳ್ಳದೆ ಮೇಲೆಯೇ ಉಳಿದು ಲಟ್ಟಣಿಗೆಯನ್ನು ಜಾರಿಸುತ್ತದೆ.

ದಪ್ಪ ಕಬ್ಬಿಣದ ಕಾವಲಿ, ಮಧ್ಯಮ ಉರಿ. ಹೂರಣ ಆಗಲೇ ಬೆಂದಿದೆ. ಬೇಯಬೇಕಾದದ್ದು ತೆಳುವಾದ ಕಣಕ ಮಾತ್ರ. ಉರಿ ಕಡಿಮೆಯಾದರೆ ಅಲ್ಲಲ್ಲಿ ಕಂದು ಚುಕ್ಕೆ ಬರುವ ಮೊದಲೇ ಕಣಕದ ನೀರೆಲ್ಲ ಆರಿ ಒಬ್ಬಟ್ಟು ಹಪ್ಪಳದಂತೆ ಸೆಟೆಯುತ್ತದೆ. ಉರಿ ಹೆಚ್ಚಾದರೆ ಹೊರಬಂದ ಬೆಲ್ಲ ಕರಿಯಾಗಿ ಕಹಿಯಾಗುತ್ತದೆ. ಒಂದು ಒಬ್ಬಟ್ಟು ಒಡೆದು ಹೂರಣ ಕಾವಲಿಗೆ ಅಂಟಿದರೆ ಅದನ್ನು ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಮುಂದಿನದನ್ನು ಹಾಕಬೇಕು. ಇಲ್ಲವಾದರೆ ಆ ಸುಟ್ಟ ಬೆಲ್ಲಕ್ಕೆ ಮುಂದಿನದೂ ಅಂಟಿ ಹರಿಯುತ್ತದೆ.

ಬೆಂದ ಒಬ್ಬಟ್ಟನ್ನು ಬಿಸಿಯಾಗಿರುವಾಗಲೇ ಒಂದರ ಮೇಲೊಂದು ಪೇರಿಸಿದರೆ ಒಳಗಿನ ಆವಿ ಹೊರಹೋಗಲಾರದೆ ನೀರಾಗಿ ಇಳಿದು ಎಲ್ಲವೂ ಅಂಟಿಕೊಳ್ಳುತ್ತವೆ. ಒಗೆದ ಬಿಳಿ ಪಂಚೆಯ ಮೇಲೆ ಬಿಡಿಬಿಡಿಯಾಗಿ ಹರವಿ, ಆರಿದ ಮೇಲೆ ಜೋಡಿಸಬೇಕು. ಸುದ್ದಿಪತ್ರಿಕೆಯ ಮೇಲೆ ಹರವುವ ರೂಢಿಯನ್ನು ದಯವಿಟ್ಟು ಬಿಡಿ. ಬಿಸಿ ಎಣ್ಣೆಗೆ ಅದರ ಮಸಿ ಹತ್ತುತ್ತದೆ. ತುಪ್ಪವನ್ನು ಎಲೆಗೆ ಬಡಿಸಿದ ಮೇಲೆ ಹಾಕುವುದೇ ಚೆಂದ. ಬೆಣ್ಣೆ ಕಾಯಿಸುವಾಗಲೇ ಅದರ ನೀರೆಲ್ಲ ಹೋಗಿರುವುದರಿಂದ ತುಪ್ಪ ಒಬ್ಬಟ್ಟನ್ನು ನೆನೆಸಿ ಮೆದುಮಾಡುವುದಿಲ್ಲ. ಏಲಕ್ಕಿಯ ಪರಿಮಳ ಕೊಬ್ಬಿನಲ್ಲಿ ಕರಗುವಂಥದ್ದಾದ್ದರಿಂದ ಅದನ್ನು ಎತ್ತಿ ಮೂಗಿಗೆ ತಲುಪಿಸುತ್ತದೆ. ಹೋಳಿಗೆಯನ್ನು ಬಿಸಿ ಹಾಲಿನಲ್ಲಿ ಮುರಿದು ನೆನೆಸಿ ತಿನ್ನುವವರು ಬಯಸುವುದು ನೆನೆದ ಆ ಮೆದುವನ್ನೇ. ಎರಡನ್ನೂ ಒಂದೇ ಎಲೆಯಲ್ಲಿ ಬಡಿಸುವ ಮನೆಗಳೂ ಇವೆ, ಅವರ ಮೇಲೆ ನನಗೆ ಪ್ರೀತಿಯಿದೆ.

ಇನ್ನು ಸಾರು. ಕಟ್ಟಿನಲ್ಲಿ ಬೇಳೆಯಿಂದ ಕರಗಿ ಬಂದ ಪಿಷ್ಟ, ಪ್ರೋಟೀನ್, ಬಿ ಗುಂಪಿನ ಜೀವಸತ್ವಗಳು ಇವೆ. ಅದಕ್ಕೇ ಬೇಳೆ ಹಾಕದೆಯೂ ಆ ಸಾರಿಗೆ ಮೈ ಬರುತ್ತದೆ. ಒಣಕೊಬ್ಬರಿ, ಧನಿಯ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದು ರುಬ್ಬಿ, ಕೆಲವು ಮನೆಗಳಲ್ಲಿ ಚಕ್ಕೆ ಲವಂಗವನ್ನೂ ಸುಟ್ಟ ಈರುಳ್ಳಿ ಬೆಳ್ಳುಳ್ಳಿಯನ್ನೂ ಸೇರಿಸಿ, ಹುಣಸೆರಸ ಮತ್ತು ಒಂದು ಹಿಡಿ ಹೂರಣದೊಂದಿಗೆ ಕಟ್ಟಿಗೆ ಬೆರೆಸಿ ಚೆನ್ನಾಗಿ ಕುದಿಸಿ, ಸಾಸಿವೆ ಇಂಗು ಕರಿಬೇವಿನ ಒಗ್ಗರಣೆ ಕೊಡುತ್ತಾರೆ. ಹುಳಿ, ಖಾರ, ಸಿಹಿ, ಉಪ್ಪು ನಾಲ್ಕೂ ಒಂದನ್ನೊಂದು ಹಿಡಿದು ನಿಲ್ಲುವ ಈ ಸಾರಿನ ನಿಜವಾದ ಕೆಲಸ ಊಟದ ನಡುವೆ ಗೊತ್ತಾಗುತ್ತದೆ. ತುಪ್ಪದಲ್ಲಿ ಅದ್ದಿದ ಎರಡನೇ ಒಬ್ಬಟ್ಟಿಗೆ ನಾಲಿಗೆ ಜಡವಾಗುವ ಹೊತ್ತಿಗೆ ಬಿಸಿ ಅನ್ನ, ಹುಳಿಖಾರದ ಈ ಸಾರು ಬಂದು ಬಾಯನ್ನು ತೊಳೆದಂತಾಗುತ್ತದೆ.

ಹೊತ್ತಿನ ಹೊಂದಾಣಿಕೆಯ ಬಗ್ಗೆ ಒಂದು ಮಾತು. ಐವತ್ತು ಒಬ್ಬಟ್ಟು ಬೇಯಿಸಲು ಒಂದೇ ಕಾವಲಿಯಲ್ಲಿ ಎರಡು ಗಂಟೆಗೂ ಮೇಲೆ ಹಿಡಿಯುತ್ತದೆ. ಮಧ್ಯಾಹ್ನ ಒಂದಕ್ಕೆ ಎಲೆ ಹಾಕಬೇಕಾದರೆ ಕಣಕ ಬೆಳಗ್ಗೆ ಏಳಕ್ಕೆ ಎಣ್ಣೆಯಲ್ಲಿರಬೇಕು, ಹೂರಣ ಹತ್ತರ ಹೊತ್ತಿಗೆ ಆರಿರಬೇಕು. ಮಡಿಯ ನಿಯಮವಿಲ್ಲದ ಮನೆಗಳಲ್ಲಿ ಹೂರಣವನ್ನು ಹಿಂದಿನ ಸಂಜೆಯೇ ಮಾಡಿ ಫ್ರಿಜ್ಜಿನಲ್ಲಿಟ್ಟು, ಬೆಳಗ್ಗೆ ಎದ್ದ ಕೂಡಲೇ ಹೊರಗೆ ತೆಗೆದಿಡಬಹುದು. ಉಂಡೆ ಕಟ್ಟಲು ಒಬ್ಬರು, ತಟ್ಟಲು ಒಬ್ಬರು, ಕಾವಲಿಯ ಮುಂದೆ ಒಬ್ಬರು ಇದ್ದರೆ ಕೆಲಸ ಸರಾಗ. ಉಂಡೆ ಕಟ್ಟುವ ಕೆಲಸವನ್ನು ಮಕ್ಕಳಿಗೂ ಗಂಡಸರಿಗೂ ಧಾರಾಳವಾಗಿ ಒಪ್ಪಿಸಬಹುದು. ಅಡುಗೆಮನೆಯ ಸೆಕೆಯಲ್ಲಿ ಬೆಳಗಿನಿಂದ ನಿಂತ ಅತ್ತೆ, ಚಿಕ್ಕಮ್ಮಂದಿರು ಕೊನೆಯ ಪಂಕ್ತಿಯಲ್ಲಿ ಆರಿದ ಒಬ್ಬಟ್ಟು ತಿನ್ನುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಹತ್ತು ಒಬ್ಬಟ್ಟಿನ ಉಂಡೆಗಳನ್ನು ಬೇಯಿಸದೆ ಉಳಿಸಿ, ಬಡಿಸಿದವರು ಕುಳಿತಾಗ ಉಂಡವರು ಎದ್ದು ಬಿಸಿಬಿಸಿಯಾಗಿ ಬೇಯಿಸಿ ಹಾಕಬೇಕು.

ಉಳಿದದ್ದರ ವಿಚಾರಕ್ಕೆ ಬಂದರೆ, ಬೆಲ್ಲ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೂರಣ ಬರಿಯ ಬೆಂದ ಬೇಳೆಯಷ್ಟು ಬೇಗ ಕೆಡುವುದಿಲ್ಲ; ಆದರೂ ಯುಗಾದಿಯ ಬಿಸಿಲಿನಲ್ಲಿ ಬೇಳೆ ಒಬ್ಬಟ್ಟನ್ನು ಹೊರಗೆ ಒಂದು ದಿನಕ್ಕಿಂತ ಹೆಚ್ಚು ಇಡುವುದು ಬೇಡ. ಕಟ್ಟು ಅದಕ್ಕಿಂತ ಬೇಗ ಹುಳಿಯುತ್ತದೆ. ಬಸಿದ ಮೇಲೆ ಸಾರಿಗೆ ಇಡುವುದು ತಡವಾಗುವುದಾದರೆ ಒಮ್ಮೆ ಕುದಿಸಿ ಇಲ್ಲವೇ ಫ್ರಿಜ್ಜಿಗೆ ಸೇರಿಸಬೇಕು. ಮಾರನೆಯ ದಿನ ಹಳೇ ಮೈಸೂರಿನ ಮಾಂಸಾಹಾರಿ ಮನೆಗಳಲ್ಲಿ ಹೊಸತೊಡಕಿನ ಬಾಡೂಟದ ಸಿದ್ಧತೆ ನಡೆದಿರುವಾಗ, ಬೆಳಗಿನ ತಿಂಡಿಗೆ ಹಿಂದಿನ ದಿನದ ಒಬ್ಬಟ್ಟು ಬರುತ್ತದೆ. ಅದನ್ನು ಮೈಕ್ರೊವೇವಿನಲ್ಲಿ ಇಟ್ಟರೆ ಒಳಗಿನ ನೀರು ಆವಿಯಾಗಿ ಕಣಕ ಮೊದಲು ತೊಯ್ದು ಆಮೇಲೆ ತೊಗಲಿನಂತಾಗುತ್ತದೆ. ಎಣ್ಣೆ ಹಾಕದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಂದೊಂದು ಬದಿಯನ್ನು ಒಂದೊಂದು ನಿಮಿಷ ಬಿಸಿ ಮಾಡಿ, ಇಳಿಸುವಾಗ ತುಪ್ಪ ಸವರಬೇಕು. ಸಾರನ್ನು ಇನ್ನೊಮ್ಮೆ ಕುದಿಸುವಾಗ ರಾತ್ರಿಯೆಲ್ಲ ಬಿಗಿದ ಪಿಷ್ಟದಿಂದ ಅದು ದಪ್ಪಗಾಗಿರುತ್ತದೆ. ಅರ್ಧ ಲೋಟ ಬಿಸಿನೀರು ಬೆರೆಸಿ, ಉಪ್ಪು ನೋಡಿ, ಕುದಿ ಬಂದ ಮೇಲೆ ಇಳಿಸಿದರೆ ಮಸಾಲೆ ಪೂರ್ತಿ ಬಿಟ್ಟುಕೊಂಡ ಆ ಎರಡನೇ ದಿನದ ಸಾರು ಮೊದಲ ದಿನದ್ದಕ್ಕಿಂತ ರುಚಿಯಾಗಿರುತ್ತದೆ.